ನಡೆ-ನುಡಿ: ಮಲೆನಾಡಿನ ಓದುಗಿಯರು ಕೇಳಿದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗಿಯರವು. ನಾಲ್ಕು ಜನರ ನಡುವೆ ಹಿಂಜರಿಯದೆ, ಒರಟಾಗದೆ, ಅಂದವಾಗಿ ನಡೆದುಕೊಳ್ಳುವುದು ಹೇಗೆ ಎಂಬುದೇ ಎಲ್ಲರ ಕೇಳಿಕೆ. ಇದಕ್ಕೆ ದೊಡ್ಡ ಮನೆತನವೂ ಬೇಡ, ಹೆಚ್ಚು ದುಡ್ಡೂ ಬೇಡ, ಅಭ್ಯಾಸ ಬೇಕು. ಹಾಗಾಗಿ ಉಪದೇಶ ಬಿಟ್ಟು, ಮಾಡುವ ಕ್ರಮವನ್ನೇ ಬರೆದಿದ್ದೇವೆ.

ಪ್ರಶ್ನೆ: ಹೊಸನಗರದ ಹತ್ತಿರದ ಹಳ್ಳಿಯವಳು ನಾನು. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದೇನೆ. ‘ಎಂತ’, ‘ಹೌದನಾ’ ಅಂದರೆ ತರಗತಿಯಲ್ಲಿ ನಗುತ್ತಾರೆ. ಮಾತು ಸುಧಾರಿಸಿಕೊಳ್ಳುವುದು ಹೇಗೆ?

ಉತ್ತರ: ‘ಎಂತ’ ಬಿಡಬೇಡಿ. ಅದು ನಿಮ್ಮೂರಿನ ಮಾತು, ಅದರಲ್ಲಿ ತಪ್ಪೇನೂ ಇಲ್ಲ. ಗೆಳತಿಯರ ಜೊತೆ ಊರಿನ ಮಾತು, ವೇದಿಕೆಯ ಮೇಲೆ ಬರಹದ ಕನ್ನಡ, ಎರಡೂ ಬಾಯಲ್ಲಿ ಸಲೀಸಾಗಿ ಬರಬೇಕು, ಅಷ್ಟೆ. ನೀವು ತಿದ್ದಿಕೊಳ್ಳಬೇಕಾದದ್ದು ಉಚ್ಚಾರ ಮತ್ತು ವೇಗ.

ದಿನಾ ಹತ್ತು ನಿಮಿಷ ದಿನಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆಗಲೇ ಕೇಳಬೇಡಿ, ಮರುದಿನ ಕೇಳಿ. ಓದಿದ ಕೂಡಲೇ ಕೇಳಿದರೆ ಕಣ್ಣಲ್ಲಿ ನಿಂತ ಅಕ್ಷರವೇ ಕಿವಿಗೂ ಕೇಳಿಸಿ, ತಪ್ಪು ಜಾರಿಹೋಗುತ್ತದೆ. ಕಿವಿಗೊಡಬೇಕಾದ ಜೋಡಿಗಳು ಇವು: ಅಕ್ಕಿ-ಹಕ್ಕಿ, ಬೆಲೆ-ಬೆಳೆ, ಹಲ್ಲಿ-ಹಳ್ಳಿ, ಕರ-ಖರ. ಮಹಾಪ್ರಾಣ ಸರಿಯಾಗಿ ಬಂತೋ ಇಲ್ಲವೋ ಎಂದು ತಿಳಿಯಲು ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ. ‘ಖ’ ಅನ್ನುವಾಗ ಉಸಿರು ಕೈಗೆ ತಾಗಬೇಕು, ‘ಕ’ ಅನ್ನುವಾಗ ಅಷ್ಟಾಗಿ ತಾಗಬಾರದು. ಹೊಸದಾಗಿ ತಿದ್ದಿಕೊಳ್ಳುವವರು ಬೀಳುವ ಹಳ್ಳ ಇನ್ನೊಂದಿದೆ: ಬೇಡದ ಕಡೆಯೂ ಮಹಾಪ್ರಾಣ ಸೇರಿಸಿ ‘ದೀಪ’ವನ್ನು ‘ಧೀಪ’ ಮಾಡುವುದು. ಅದು ಮೊದಲಿನ ತಪ್ಪಿಗಿಂತ ಹೆಚ್ಚು ಕಿವಿಗೆ ಹೊಡೆಯುತ್ತದೆ.

ಇನ್ನು ವೇಗ. ಅಂಜಿಕೆಯಲ್ಲಿ ಮಾತಾಡುವಾಗ ವಾಕ್ಯದ ಕೊನೆ ನುಂಗಿಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ಮಾಡಿದೆಯೋ, ಮಾಡಿಲ್ಲವೋ, ಮಾಡಿದ್ದು ಅವನೋ ಅವಳೋ ಎಂಬುದೆಲ್ಲ ಆ ಕೊನೆಯ ಎರಡು ಅಕ್ಷರದಲ್ಲಿದೆ. ಅದು ಕೇಳಿಸದಿದ್ದರೆ ಉಳಿದದ್ದೆಲ್ಲ ಹೇಳಿಯೂ ಹೇಳದ ಹಾಗೆ. ವಾಕ್ಯ ಸಣ್ಣದು ಮಾಡಿ, ಒಂದು ಉಸಿರಿಗೆ ಒಂದೇ ವಾಕ್ಯ ಹೇಳಿ, ಕೊನೆಯ ಪದದ ಮೇಲೆ ದನಿ ಇಳಿಸದೆ ಮುಗಿಸಿ. ಇಂಗ್ಲಿಷ್ ಬೇಕಾದಾಗ ಧಾರಾಳವಾಗಿ ಬಳಸಿ, ಆದರೆ ಶುರು ಮಾಡಿದ ವಾಕ್ಯವನ್ನು ಅದೇ ಭಾಷೆಯಲ್ಲಿ ಮುಗಿಸಿ. ಎರಡು ತಿಂಗಳು ಬಿಡದೆ ಮಾಡಿದರೆ ನಗುತ್ತಿದ್ದವರು ತಾವಾಗಿಯೇ ಸುಮ್ಮನಾಗುತ್ತಾರೆ.

ಪ್ರಶ್ನೆ: ಸುಸಂಸ್ಕೃತ ಹುಡುಗಿ ಅಂದರೆ ಎದುರು ಮಾತಾಡದವಳು ಎಂದು ನಮ್ಮ ಮನೆಯ ಹಿರಿಯರ ಮಾತು. ಹತ್ತೊಂಬತ್ತರ ಮಗಳು ಒಪ್ಪುವುದಿಲ್ಲ. ಯಾರು ಸರಿ? (ತಾಯಿ, ಶಿಕಾರಿಪುರ ತಾಲ್ಲೂಕು)

ಉತ್ತರ: ಮಗಳು ಸರಿ. ನಿಮ್ಮ ತಾಲ್ಲೂಕಿನ ಉಡುತಡಿಯಲ್ಲೇ ಹುಟ್ಟಿದ ಅಕ್ಕಮಹಾದೇವಿ 12ನೇ ಶತಮಾನದಲ್ಲಿ ಅರಮನೆ ಬಿಟ್ಟು ಹೊರಟು, ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ನಿಂತು ಉತ್ತರ ಕೊಟ್ಟಳೆಂದು ಪರಂಪರೆ ಹೇಳುತ್ತದೆ. ಅಲ್ಲಮನೂ ಅಲ್ಲೇ ಹತ್ತಿರದ ಬಳ್ಳಿಗಾವಿಯವನು. ಆ ನೆಲದಲ್ಲಿ ಹುಟ್ಟಿದವಳಿಗೆ ಮಾತಾಡಬೇಡ ಎನ್ನುವುದು ಸಲ್ಲ.

ಕಲಿಸಬೇಕಾದದ್ದು ಎದುರು ಮಾತಾಡುವ ಕ್ರಮವನ್ನು. ಮೊದಲು ಹಿರಿಯರು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ ಎಂದು ತೋರಿಸಬೇಕು, ಆಮೇಲೆ ತನಗೆ ಬೇಕಾದ ಒಂದೇ ಒಂದು ಸಂಗತಿ ಹೇಳಬೇಕು. “ಅಜ್ಜಿ, ನೀವು ನನ್ನ ಒಳ್ಳೇದಕ್ಕೇ ಹೇಳ್ತಿದ್ದೀರಿ ಅಂತ ಗೊತ್ತು. ಆದ್ರೆ ಓದು ಮುಗಿಯೋವರೆಗೆ ಮದುವೆ ಮಾತು ಬೇಡ, ಇನ್ನೆರಡು ವರ್ಷ ಬಿಡಿ.” ಇಷ್ಟೇ ಸಾಕು. ಹಳೆಯ ಜಗಳ ಎತ್ತಬಾರದು, ನೆಂಟರ ಮುಂದೆ ಆಡಬಾರದು. ಹಿರಿಯರಿಗೂ ಇದೇ ನಿಯಮ ಅನ್ವಯಿಸುತ್ತದೆ.

ಪ್ರಶ್ನೆ: ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲಿಯಬೇಕೆಂಬ ಆಸೆ. ಸಂಗೀತ ಕಲಿತಿಲ್ಲ, ದನಿಯೂ ಸಾಧಾರಣ. ಆಗುತ್ತದೆಯೇ? (ಶಿವಮೊಗ್ಗ)

ಉತ್ತರ: ಖಂಡಿತ ಆಗುತ್ತದೆ. ನೀವು ಸರಿಯಾದ ಊರಲ್ಲೇ ಇದ್ದೀರಿ. ತುಂಗೆಯ ಈ ದಡ ಆ ದಡದಲ್ಲಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು; ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತ್ತು. ಹುಡುಗಿಯರು ಕಲಿಯಬಹುದಾದ ಕಲೆಗಳಲ್ಲಿ ಭಾಷೆ, ದನಿ, ನೆನಪು ಮೂರನ್ನೂ ಒಟ್ಟಿಗೆ ಬೆಳೆಸುವುದು ಇದೊಂದೇ ಎಂದು ನಮಗೆ ಅನ್ನಿಸುತ್ತದೆ.

ರಾಗಕ್ಕೆ ಕೈ ಹಾಕುವ ಮೊದಲು ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ, ಎಣಿಸಲು ಕಲಿಯಿರಿ. ಹ್ರಸ್ವ ಅಕ್ಷರಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಕುಮಾರವ್ಯಾಸ ಭಾರತ ಇರುವುದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3-4-3-4-3-4, ಕೊನೆಗೆ ಒಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಒಂದು ಪದ್ಯಕ್ಕೆ 102 ಮಾತ್ರೆ. ಬೆರಳಲ್ಲಿ ಎಣಿಸುತ್ತ ರಾಗವಿಲ್ಲದೆ ಓದಿ, ಲೆಕ್ಕ ತಪ್ಪಿದಲ್ಲಿ ನಿಮ್ಮ ಉಚ್ಚಾರವೇ ತಪ್ಪಿದೆ ಎಂದು ತಿಳಿಯಿರಿ.

ಎರಡನೆಯದು ಪದಚ್ಛೇದ, ಅಂದರೆ ಪದ ಬಿಡಿಸಿಕೊಳ್ಳುವುದು. ಷಟ್ಪದಿಯಲ್ಲಿ ಒಂದು ಪದ ಈ ಸಾಲಿನ ಕೊನೆಯಲ್ಲಿ ಶುರುವಾಗಿ ಮುಂದಿನ ಸಾಲಿನಲ್ಲಿ ಮುಗಿಯುವುದು ತೀರಾ ಸಾಮಾನ್ಯ. ಹೊಸಬರು ಸಾಲಿನ ಕೊನೆಗೆ ನಿಲ್ಲಿಸಿಬಿಡುತ್ತಾರೆ, ಪದ ನಡುವೆ ಮುರಿದು ಅರ್ಥ ಹೋಗುತ್ತದೆ. ಪೆನ್ಸಿಲಿನಿಂದ ಪದಗಳ ನಡುವೆ ಗೆರೆ ಎಳೆದು, ಅರ್ಥ ಬರೆದುಕೊಂಡು, ಅರ್ಥ ಮುಗಿದಲ್ಲಿ ನಿಲ್ಲಿ. ಆಮೇಲೆ ರಾಗ. ಮೋಹನ, ಹಿಂದೋಳದಂಥ ಐದು ಸ್ವರದ ರಾಗಗಳು ಹೊಸಬರಿಗೆ ಹಿಡಿತಕ್ಕೆ ಸಿಗುತ್ತವೆ. ವೀರಕ್ಕೆ ಅಠಾಣ, ಶೋಕಕ್ಕೆ ಮುಖಾರಿ ಎಂಬ ರೂಢಿ ಮುಂದಿನ ಮಾತು. ಎಳೆಯುವುದಿದ್ದರೆ ದೀರ್ಘಾಕ್ಷರದ ಮೇಲೆ ಎಳೆಯಿರಿ. ಹ್ರಸ್ವ ಎಳೆದರೆ ‘ಕಡಿ’ ಹೋಗಿ ‘ಕಾಡಿ’ ಆಗುತ್ತದೆ. ತಾಳದ ಕಟ್ಟಿಲ್ಲದಿರುವುದರಿಂದ ಆಲಾಪನೆ ಉದ್ದ ಮಾಡುವ ಆಸೆ ಬರುತ್ತದೆ, ಅದನ್ನು ತಡೆಯಿರಿ. ಕೇಳುವವರು ಬಂದಿರುವುದು ಪದ್ಯ ಕೇಳಲು. ತಿಂಗಳಿಗೆ ಹತ್ತು ಪದ್ಯ ಬಾಯಿಪಾಠವಾದರೆ ಬೇಕಾದಷ್ಟಾಯಿತು. ಅರ್ಥ ಚೆನ್ನಾಗಿ ಬಿಡಿಸಬಲ್ಲ ಗೆಳತಿ ಇದ್ದರೆ ಇನ್ನೂ ಒಳ್ಳೆಯದು, ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಒಬ್ಬರು ಇರುವುದೇ ಗಮಕದ ಕ್ರಮ.

ಪ್ರಶ್ನೆ: ಕಾಲೇಜಿನ ಕಾರ್ಯಕ್ರಮದಲ್ಲಿ ನಿರೂಪಣೆ ನನ್ನದು. ಕೈಮಗ್ಗದ ಹತ್ತಿ ಸೀರೆ ಉಡಬೇಕೆಂದಿದ್ದೇನೆ, ಉಟ್ಟರೆ ಉಬ್ಬಿಕೊಳ್ಳುತ್ತದೆ. ಜೊತೆಗೆ, ಅಮ್ಮನ ರೇಷ್ಮೆ ಸೀರೆಗೆ ಈ ಮಳೆಗಾಲ ಬೂಷ್ಟು ಬಂದಿದೆ. ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ಹತ್ತಿ ಸೀರೆ ಉಬ್ಬುವುದಕ್ಕೆ ಕಾರಣ ಸಾಮಾನ್ಯವಾಗಿ ಗಂಜಿ ಹೆಚ್ಚಾದದ್ದು, ಇಲ್ಲವೆ ನೆರಿಗೆ ಹೆಚ್ಚಾದದ್ದು. ಒಂದು ಸೀರೆಗೆ ಒಂದು ಲೋಟ ಗಟ್ಟಿ ಅನ್ನದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಅರ್ಧ ಬಕೆಟ್ ನೀರಿಗೆ ಕಲಸಿದರೆ ಸಾಕು. ಸೋಸದಿದ್ದರೆ ಅನ್ನದ ಅಗುಳು ಅಂಟಿ, ಇಸ್ತ್ರಿ ಮಾಡುವಾಗ ಕಂದು ಕಲೆಯಾಗುತ್ತದೆ. ನೆರಳಲ್ಲಿ ಮುಕ್ಕಾಲು ಒಣಗಿಸಿ, ಇನ್ನೂ ತೇವ ಇರುವಾಗಲೇ ಇಸ್ತ್ರಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಂಜಿಯ ತಂಟೆಗೇ ಹೋಗಬೇಡಿ. ಒಣಗದೆ ಹುಳಿವಾಸನೆ ಬರುತ್ತದೆ, ಬೀರುವಿನಲ್ಲಿಟ್ಟರೆ ಬೆಳ್ಳಿಹುಳ ಗಂಜಿಯ ರುಚಿಗೇ ಬರುತ್ತದೆ.

ಉಡುವಾಗ ಮೊದಲು ಅಂದು ಹಾಕುವ ಚಪ್ಪಲಿ ಮೆಟ್ಟಿ ನಿಲ್ಲಿ. ಬರಿಗಾಲಲ್ಲಿ ಉಟ್ಟು ಆಮೇಲೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದರೆ ಸೀರೆ ಗಿಡ್ಡವಾಗುತ್ತದೆ. ಒಳಲಂಗದ ಲಾಡಿ ತೆಳು ದಾರ ಬೇಡ, ಎರಡು ಬೆರಳಗಲದ ಪಟ್ಟಿ ಇರಲಿ. ತೆಳು ಲಾಡಿ ಬಿಗಿದು ಕಟ್ಟಿದರೆ ಸೊಂಟದ ಚರ್ಮ ಕರಿಗಟ್ಟಿ ಹುಣ್ಣಾಗುತ್ತದೆ. ಒಂದು ಸುತ್ತು ಸಿಕ್ಕಿಸಿದ ಮೇಲೆ ನೆರಿಗೆಗೆ ಹೋಗದೆ ಮೊದಲು ಸೆರಗು ಅಳೆದುಕೊಳ್ಳಿ: ಹೆಗಲ ಮೇಲಿಂದ ಇಳಿದು ಮೊಣಕಾಲಿನ ಹಿಂಭಾಗಕ್ಕೆ ಬರಬೇಕು. ಉಳಿದದ್ದರಲ್ಲಿ ಐದರಿಂದ ಏಳು ನೆರಿಗೆ, ಒಂದೊಂದೂ ಐದು ಇಂಚು. ಹತ್ತಿ ಸೀರೆಗೆ ಐದೇ ಲೇಸು. ನೆರಿಗೆಯ ಬಾಯಿ ಎಡಕ್ಕೆ ತಿರುಗಿರಲಿ. ಸಿಕ್ಕಿಸುವ ಮೊದಲು ಗೆಳತಿಯೊಬ್ಬಳು ಕೆಳಗೆ ಕೂತು ನೆರಿಗೆಗಳ ಕೆಳತುದಿಯನ್ನು ಜೋಡಿಸಿ ಒಮ್ಮೆ ಜಗ್ಗಿದರೆ ಉಬ್ಬು ಅರ್ಧ ಇಳಿಯುತ್ತದೆ. ಸೆರಗಿನ ಪಿನ್ನು ರವಿಕೆಯ ಒಳಗಿನಿಂದ ಚುಚ್ಚಿ. ನಿರೂಪಣೆ ಮಾಡುವವಳು ಮೈಕಿನ ಮುಂದೆ ಸೆರಗು ಸರಿಪಡಿಸುತ್ತ ನಿಂತರೆ ಸಭೆಯ ಕಣ್ಣೆಲ್ಲ ಅಲ್ಲೇ ಹೋಗುತ್ತದೆ, ಆದ್ದರಿಂದ ಹಿಂದಿನ ದಿನ ಉಟ್ಟು, ಮೆಟ್ಟಿಲು ಹತ್ತಿಳಿದು, ಕೂತು ಎದ್ದು ನೋಡಿ.

ಸೀರೆ ಕೊಳ್ಳುವುದಿದ್ದರೆ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಬಟ್ಟೆಗಳನ್ನು ಒಮ್ಮೆ ಮುಟ್ಟಿ ನೋಡಿ, ಚೊಗರಿನಂಥ (ಅಡಿಕೆ ಬೇಯಿಸಿದ ನೀರು) ನೈಸರ್ಗಿಕ ಬಣ್ಣಗಳು ಅಲ್ಲಿ ಸಿಗುತ್ತವೆ. ಚೊಗರಿನ ಬಣ್ಣಕ್ಕೆ ಕಬ್ಬಿಣ ಆಗದು. ತುಕ್ಕು ಹಿಡಿದ ಪಿನ್ನು ಒದ್ದೆ ಸೀರೆಯಲ್ಲಿ ಉಳಿದರೆ ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆ ಕೂರುತ್ತದೆ, ಅದು ಮತ್ತೆ ಹೋಗುವುದಿಲ್ಲ. ನಿಂಬೆಹುಳಿ, ಸೋಡಾ ಪುಡಿ ತಾಗಿಸಬೇಡಿ. ಅಂಟುವಾಳದ ನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ.

ಅಮ್ಮನ ರೇಷ್ಮೆಗೆ ನೀರು ಮುಟ್ಟಿಸಲೇಬೇಡಿ, ಬೂಷ್ಟು ಹರಡುತ್ತದೆ. ಮಳೆ ಬಿಟ್ಟ ದಿನ ಹೊರಗೆ ಗಾಳಿ ಆಡುವ ನೆರಳಲ್ಲಿ ಎರಡು ಗಂಟೆ ಹರವಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಒಣಬಟ್ಟೆಯಿಂದ ಝಾಡಿಸಿ, ಡ್ರೈಕ್ಲೀನಿಗೆ ಕೊಡಿ. ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ಕೂಡುತ್ತದೆ. ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಬಾರದು, ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಅಥವಾ ಲಾವಂಚದ ಬೇರು ಇಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ.

ಪ್ರಶ್ನೆ: ಮನೆಯಲ್ಲಿ ಪೂಜೆಯಿದೆ, ಮೂವತ್ತು ಜನ ನೆಂಟರು. ಅಕ್ಕನೂ ನಾನೂ ಬಡಿಸಬೇಕು. ಬಡಿಸುವಾಗ ಏನೇನು ನೋಡಿಕೊಳ್ಳಬೇಕು? (ಸಾಗರ)

ಉತ್ತರ: ನೆಂಟರು ಬಂದ ಕೂಡಲೇ “ಏನು ಕುಡೀತೀರಿ?” ಅಂದರೆ “ಏನೂ ಬೇಡ” ಅನ್ನುತ್ತಾರೆ. “ಆಸರಿಗೆ ಕಷಾಯ ಕೊಡ್ಲಾ, ಮುರುಗಲ ಶರಬತ್ತಾ?” ಎಂದು ಎರಡರಲ್ಲೊಂದು ಕೇಳಿ, ಸಂಕೋಚ ಕಳೆಯುತ್ತದೆ. ಬಿಸಿಲಲ್ಲಿ ನಡೆದು ಬಂದವರಿಗೆ ಕೇಳದೆಯೇ ನೀರು-ಬೆಲ್ಲ ಮುಂದಿಡಿ.

ಕಷಾಯದ ಪುಡಿ ಹಿಂದಿನ ದಿನವೇ ಮಾಡಿಡಿ: ಕೊತ್ತಂಬರಿ 100 ಗ್ರಾಂ, ಜೀರಿಗೆ 50, ಸೋಂಪು 25, ಕಾಳುಮೆಣಸು 10, ಮೆಂತ್ಯ ಒಂದು ಸಣ್ಣ ಚಮಚ, ಏಲಕ್ಕಿ ಐದಾರು, ಬೆರಳುದ್ದ ಒಣಶುಂಠಿ. ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಎಲ್ಲ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹುರಿಯುವಷ್ಟರಲ್ಲಿ ಜೀರಿಗೆ ಸೀದು ಕಹಿಯಾಗುತ್ತದೆ. ಲೋಟಕ್ಕೆ ಒಂದು ಸಣ್ಣ ಚಮಚ ಪುಡಿ, ರುಚಿಗೆ ಬೆಲ್ಲ ಹಾಕಿ ಮೂರು ನಿಮಿಷ ಕುದಿಸಿ, ಒಲೆ ಆರಿಸಿ, ಆಮೇಲೆ ಬಿಸಿ ಹಾಲು ಸೇರಿಸಿ. ಬೆಲ್ಲದ ಜೊತೆ ಹಾಲು ಕುದಿಸಿದರೆ ಒಡೆಯುತ್ತದೆ.

ಇನ್ನು ಎಲೆ. ಬಾಳೆಎಲೆಯ ತುದಿ ಉಣ್ಣುವವರ ಎಡಕ್ಕೆ ಇರಬೇಕು, ಅಗಲದ ಭಾಗ ಬಲಕ್ಕೆ. ಬಲಗೈ ಓಡಾಡುವ ಕಡೆ ಜಾಗ ಹೆಚ್ಚು ಸಿಗಲಿ ಎಂದು. ಉಪ್ಪು ಎಡ ಮೇಲ್ತುದಿಗೆ, ಅದರ ಪಕ್ಕ ಉಪ್ಪಿನಕಾಯಿ, ಚಟ್ನಿ. ಕೋಸಂಬರಿ, ಪಲ್ಯ ಮೇಲಿನ ಸಾಲಿನಲ್ಲಿ ಬಲಕ್ಕೆ. ಪಾಯಸ ಬಲ ಕೆಳಮೂಲೆಗೆ ಒಂದು ಚಮಚ. ನಡುವೆ ಅನ್ನ, ಅದರ ಮೇಲೆ ತೊವ್ವೆ, ತುಪ್ಪ. ನಿಮ್ಮಲ್ಲಿ ತಂಬುಳಿ ಇದ್ದೇ ಇರುತ್ತದೆ, ಅದನ್ನು ಊಟದ ಶುರುವಿಗೇ ಬಡಿಸಿ. ಸಾರು, ಹುಳಿ ಆದಮೇಲೆ ತಂದರೆ ಅದರ ತಂಪು, ನಯ ನಾಲಿಗೆಗೆ ತಿಳಿಯುವುದಿಲ್ಲ. ಅಪ್ಪೆಹುಳಿಗೆ ಲೋಟ ಬೇರೆ ಇಡಿ, ಕುಡಿಯುವವರು ಇರುತ್ತಾರೆ.

ಮೂವತ್ತು ಜನಕ್ಕೆ ಇಬ್ಬರಾದರೆ ಒಬ್ಬರ ಹಿಂದೆ ಒಬ್ಬರು ಹೋಗಿ: ಮುಂದಿನವಳು ಅನ್ನ, ಹಿಂದಿನವಳು ತೊವ್ವೆ. ಅನ್ನ ಹಾಕಿ ಪಂಕ್ತಿ ಮುಗಿಸಿ ಮತ್ತೆ ತೊವ್ವೆಗೆ ಬಂದರೆ ಮೊದಲ ಎಲೆಯವರು ಆರಿದ ಅನ್ನ ನೋಡುತ್ತ ಕೂರಬೇಕಾಗುತ್ತದೆ. ಮೊದಲ ಸಲ ಅನ್ನ ಒಂದೇ ಸೌಟು. ಎರಡನೇ ಸಲ ಕೇಳಿ ಹಾಕಿ. ಸೌಟು ಎಲೆಗೆ ತಾಗಬಾರದು, ಆದರೆ ಸಾರನ್ನು ಮೇಲಿಂದ ಸುರಿಯಲೂ ಬಾರದು. ಎಲೆಯಿಂದ ನಾಲ್ಕು ಬೆರಳು ಮೇಲೆ ಹಿಡಿದು, ಅನ್ನದ ಗುಳಿಗೆ ನಿಧಾನವಾಗಿ ಬಿಡಿ. ಸಿಡಿದರೆ ಹೊಸ ಸೀರೆಗೆ ಬೀಳುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಒಮ್ಮೆ “ಸ್ವಲ್ಪ?” ಅನ್ನಿ, ಎರಡನೇ ಸಲ ಅಡ್ಡ ಹಿಡಿದರೆ ಬಿಟ್ಟುಬಿಡಿ. ಒತ್ತಾಯ ಮಾಡಿ ಹಾಕಿ ಎಲೆಯಲ್ಲಿ ಅನ್ನ ಬಿಡಿಸುವುದು ಉಪಚಾರವಲ್ಲ. ಮುದುಕರ ಎಲೆ, ಮಕ್ಕಳ ಎಲೆ ಮೇಲೆ ಕಣ್ಣಿರಲಿ. ಅವರು ಕೂಗಿ ಕೇಳುವುದಿಲ್ಲ. ಅಡುಗೆಯವರನ್ನೂ, ಎಲೆ ತೆಗೆಯುವವರನ್ನೂ ಕೂರಿಸಿ ನೀವೇ ಬಡಿಸಿ, ಅದೇ ಕ್ರಮದಲ್ಲಿ, ಅದೇ ತುಪ್ಪ.

ಪ್ರಶ್ನೆ: ಮದುವೆ ಮನೆಗೆ ಹೋದರೆ “ನಿಂದು ಯಾವಾಗ?”, “ಸಂಬಳ ಎಷ್ಟು?” ಎಂದು ಕೇಳುತ್ತಾರೆ. ಸಿಟ್ಟು ಬರುತ್ತದೆ. (ಭದ್ರಾವತಿ)

ಉತ್ತರ: ಉತ್ತರವನ್ನು ಮನೆಯಲ್ಲೇ ತಯಾರು ಮಾಡಿಕೊಂಡು ಹೋಗಿ, ಆಗ ಸಿಟ್ಟಿಗೆ ಜಾಗವಿರುವುದಿಲ್ಲ. “ಗೊತ್ತಾದಾಗ ನಿಮಗೆ ಹೇಳದೆ ಇರ್ತೀವಾ ಅತ್ತೆ? ನಿಮ್ಮ ಮಂಡಿನೋವು ಈಗ ಹೇಗಿದೆ?” ಸಂಬಳಕ್ಕೆ: “ನನಗೆ ಸಾಕಾಗುವಷ್ಟು ಬರುತ್ತೆ.” ನಗುತ್ತ ಹೇಳಿ, ಕೂಡಲೇ ಅವರ ಸಂಗತಿ ಕೇಳಿ. ಬಹಳ ಸಲ ಅವರಿಗೂ ಮಾತಿಗೊಂದು ನೆವ ಬೇಕಿರುತ್ತದೆ.

ಪ್ರಶ್ನೆ: ಸಹಪಾಠಿಯ ತಂದೆ ತೀರಿಕೊಂಡಿದ್ದಾರೆ. ಅವರ ಮನೆಗೆ ಹೋಗಿ ಏನು ಮಾತಾಡಬೇಕೋ ತಿಳಿಯದು. (ಶಿವಮೊಗ್ಗ)

ಉತ್ತರ: ಹೆಚ್ಚು ಮಾತು ಬೇಡ. ಪಕ್ಕ ಕೂತು, ಕೈ ಹಿಡಿದು, “ವಿಷಯ ತಿಳಿದು ಬಂದೆ ಕಣೇ” ಅಂದರೆ ಸಾಕು. ಹೇಗಾಯಿತು, ಯಾವ ಆಸ್ಪತ್ರೆ, ಮೊದಲೇ ತೋರಿಸಬಾರದಿತ್ತೇ ಎಂದು ಕೇಳಬೇಡಿ. ಬಂದವರಿಗೆಲ್ಲ ಅದನ್ನೇ ಹೇಳಿ ಅವರು ಸೋತಿರುತ್ತಾರೆ. “ಏನಾದ್ರೂ ಬೇಕಿದ್ರೆ ಹೇಳು” ಎಂಬ ಮಾತಿಗಿಂತ “ಈ ವಾರದ ನೋಟ್ಸ್ ನಾನು ಬರ್ಕೊಡ್ತೀನಿ, ಹಾಜರಾತಿ ಅರ್ಜಿ ನಾನೇ ಕೊಡ್ತೀನಿ” ಎಂಬುದು ಕೆಲಸಕ್ಕೆ ಬರುತ್ತದೆ. ಹೊರಡುವಾಗ “ಹೋಗಿ ಬರ್ತೇನೆ” ಅನ್ನುವ ರೂಢಿಯಿಲ್ಲ, ಸುಮ್ಮನೆ ತಲೆ ಆಡಿಸಿ ಎದ್ದುಬನ್ನಿ. ಮೊಬೈಲಿನ ಗುಂಪಿಗೆ ಕೈಮುಗಿಯುವ ಚಿತ್ರ ಕಳಿಸಿ ಮುಗಿಸಬೇಡಿ.

ಪ್ರಶ್ನೆ: ಗೆಳತಿಯರೆಲ್ಲ ಹೆಗ್ಗೋಡಿಗೆ ನಾಟಕಕ್ಕೆ ಹೊರಟಿದ್ದೇವೆ. ಮೊದಲ ಸಲ. ಏನು ಗಮನಿಸಬೇಕು? (ಸಾಗರ)

ಉತ್ತರ: 1949ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಮ್ ಹಳ್ಳಿಯಲ್ಲೇ ಬೆಳೆದು ನಿಂತ ನಾಟಕ ಸಂಸ್ಥೆ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅರ್ಧ ಗಂಟೆ ಮೊದಲೇ ಹೋಗಿ. ಮೊಬೈಲ್ ಪೂರ್ತಿ ಆಫ್ ಮಾಡಿ, ಪರದೆಯ ಬೆಳಕು ಹಿಂದಿನ ಸಾಲಿನವರ ಕಣ್ಣಿಗೆ ಬೀಳುತ್ತದೆ. ನಾಟಕ ಮುಗಿದ ಮೇಲೆ ‘ಚೆನ್ನಾಗಿತ್ತು’ ಎಂದು ಬಿಡಬೇಡಿ. ಒಬ್ಬ ಪಾತ್ರಧಾರಿ ನಿಂತ ರೀತಿ, ಒಂದು ಬೆಳಕು, ಒಂದು ಮೌನ, ಹೀಗೆ ಒಂದೇ ಒಂದನ್ನು ಹಿಡಿದು, ಅದು ನಿಮಗೆ ಯಾಕೆ ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂದು ಬಸ್ಸಿನಲ್ಲಿ ಬರುವಾಗ ಮಾತಾಡಿ. ಮನೆಗೆ ಬಂದು ಅರ್ಧ ಪುಟ ಬರೆದಿಡಿ. ಅಭಿರುಚಿ ಬೆಳೆಯುವುದು ಹಾಗೆ.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ. ಸಂಜೆ ಹೊತ್ತು ಹಸೆ ಚಿತ್ತಾರ ಕಲಿಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? (ಸೊರಬ)

ಉತ್ತರ: ಇದು ದೀವರ ಸಮುದಾಯದ ಹೆಣ್ಣುಮಕ್ಕಳು ತಲೆತಲಾಂತರದಿಂದ ಮದುವೆಯ ಗೋಡೆಗೆ, ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ಬರೆಯುತ್ತ ಬಂದ ಕಲೆ. ಹಾಗಾಗಿ ಮೊಬೈಲ್ ನೋಡಿ ಕಲಿಯುವ ಮೊದಲು ನಿಮ್ಮ ತಾಲ್ಲೂಕಿನಲ್ಲೇ ಬರೆಯುವ ಹಿರಿಯರೊಬ್ಬರನ್ನು ಹುಡುಕಿ, ಅವರ ಸಮಯಕ್ಕೆ ತಕ್ಕ ಗೌರವಧನ ಕೊಟ್ಟು ಕಲಿಯಿರಿ. ಯಾರಿಂದ ಕಲಿತಿರೆಂದು ಮುಂದೆ ಹೇಳಿಕೊಳ್ಳಿ.

ಚಿತ್ತಾರದ ಹಿನ್ನೆಲೆಗೆ ಕೆಮ್ಮಣ್ಣು. ಬಿಳಿಗೆ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಅಕ್ಕಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ಅರೆಯಿರಿ. ತರಿ ಉಳಿದರೆ ಗೆರೆ ನಡುವೆ ಕಡಿಯುತ್ತದೆ. ಹಿಟ್ಟು ಗಟ್ಟಿಯಾದರೆ ಒಣಗಿದ ಮೇಲೆ ಚಕ್ಕೆ ಏಳುತ್ತದೆ, ನೀರಾದರೆ ಕೆಮ್ಮಣ್ಣು ಹೀರಿಕೊಂಡು ಗೆರೆ ಮಾಸುತ್ತದೆ. ಕುಂಚದಿಂದ ಎಳೆಯಾಗಿ ಇಳಿಯುವ ಹದ ಬೇಕು. ಕೆಮ್ಮಣ್ಣು ಪೂರ್ತಿ ಒಣಗಿದ ಮೇಲೆಯೇ ಬರೆಯಿರಿ.

ಮೊದಲ ಎರಡು ವಾರ ಚಿತ್ರ ಬೇಡ, ಬರೀ ಗೆರೆ. ಒಂದು ಗೇಣು ಉದ್ದದ ಸಮಾನಾಂತರ ಗೆರೆಗಳು, ಒಂದೇ ದಪ್ಪ, ಒಂದೇ ಅಂತರ. ಮಣಿಕಟ್ಟನ್ನು ಗೋಡೆಗೆ ಊರಬೇಡಿ, ತೋಳಿನಿಂದ ಎಳೆಯಿರಿ. ಮಣಿಕಟ್ಟು ತಿರುಗಿದಲ್ಲೆಲ್ಲ ಗೆರೆ ಬಾಗುತ್ತದೆ. ಆಮೇಲೆ ಅಂಚು, ಅಂಚಿನ ಒಳಗೆ ಚೌಕ, ಚೌಕದ ಒಳಗೆ ಭತ್ತದ ತೆನೆ, ಬಾಸಿಂಗ. ಮಳೆಗಾಲದಲ್ಲಿ ಗೋಡೆಗೆ ಹೋಗದೆ, ಕೆಮ್ಮಣ್ಣಿಗೆ ಸ್ವಲ್ಪ ಅಂಟು ಕಲಸಿ ಬಳಿದ ದಪ್ಪ ರಟ್ಟಿನ ಮೇಲೆ ಅಭ್ಯಾಸ ಮಾಡಿ. ತೇವದ ಗೋಡೆಯಲ್ಲಿ ಅಕ್ಕಿಹಿಟ್ಟಿಗೆ ಮೂರೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.